ನೀರು ತಣ್ಣಗಿತ್ತಾ ಮಗಾ?

ಜೋಗ ನೋಡಲು ಹೋದ ನಾವು ಮೊದಲ ಒಂದು ಗಂಟೆ ನೋಡಿದ್ದು ಬರೀ ಮಂಜು. ದಸರಾ ರಜೆ, ಜಿಟಿಜಿಟಿ ಮಳೆ, ಬಾಡಿಗೆ ಕಾರಿನಲ್ಲಿ ಬಂದ ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು. ಎದುರಿಗೆ ಬಿಳಿ ಪರದೆ, ಅದರೊಳಗಿಂದ ಭೋರ್ಗರೆತ. ಕಂಬಿ ಹಿಡಿದು ನಿಂತವರೆಲ್ಲ ಸುಟ್ಟ ಜೋಳ ತಿನ್ನುತ್ತ ಕಾಯುತ್ತಿದ್ದರು. ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ಮೊದಲು ರಾಜ ಕಂಡ, 830 ಅಡಿ ನೇರಕ್ಕೆ ಧುಮುಕುತ್ತ. ಆಮೇಲೆ ರೋರರ್, ರಾಕೆಟ್, ಕೊನೆಗೆ ಬಂಡೆಯ ಮೇಲೆ ಸೆರಗು ಹಾಸಿದಂತೆ ರಾಣಿ. ಜನರೆಲ್ಲ ಹೋ ಎಂದು ಕೂಗಿದರು. ನಾನೂ ಕೂಗಿದೆ. ಎರಡೇ ನಿಮಿಷ, ಮಂಜು ಮತ್ತೆ ಮುಚ್ಚಿತು.

ನನ್ನ ಅಜ್ಜಿ ಇದನ್ನು ನೋಡಿಲ್ಲ. ಶರಾವತಿ ದಂಡೆಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾದವಳು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಊರನ್ನು ನುಂಗುವ ಮೊದಲು, ಮನೆಯ ಬಾಗಿಲು, ಕಂಬಗಳನ್ನು ಲಾರಿಗೆ ಹೇರಿ ಶಿವಮೊಗ್ಗದ ಕಡೆಗೆ ಬಂದವಳು. ಜೋಗಕ್ಕೆ ಕರೆದಾಗಲೆಲ್ಲ, "ಅಲ್ಲಿ ಬೀಳೋದು ನಮ್ಮನೆ ಮೇಲಿನ ನೀರಲ್ವನಾ, ನೀವು ಹೋಗ್ ಬನ್ನಿ" ಎನ್ನುತ್ತಿದ್ದಳು.

ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವ ವಿಷಯ ಕನ್ನಡ ಕಾದಂಬರಿಗಳಲ್ಲಿ ಮುಳುಗಡೆ. ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದು ನಾಲ್ಕು ವರ್ಷವಾಯಿತು. ಆ ನೀರಿಗೆ ಮಾತ್ರ ಒಮ್ಮೆಯೂ ಇಳಿದಿರಲಿಲ್ಲ. ಹಾಗಾಗಿ ಗೆಳತಿಯೊಬ್ಬಳು, "ನಾಳೆ ಹೊನ್ನೆಮರಡು, ಕಯಾಕಿಂಗ್" ಎಂದಾಗ ನನಗೆ ಹಿಂಜರಿಕೆಯಾಯಿತು. ಅಜ್ಜಿಯ ಊರಿನ ಮೇಲೆ ಆಟವಾಡುವುದೆ?

ಆದರೂ ಹೋದೆ. ಹೊನ್ನೆಮರಡು ಹಿನ್ನೀರಿನ ಅಂಚಿನ ಸಣ್ಣ ಊರು. ಮೊದಲು ಲೈಫ್ ಜಾಕೆಟ್ ತೊಡಿಸಿ, ಅಂಗಾತ ಮಲಗಿ ತೇಲಲು ಹೇಳಿದರು. ಕೈಕಾಲು ಬಿಗಿಹಿಡಿದು ಒದ್ದಾಡುತ್ತಿದ್ದವಳಿಗೆ ತರಬೇತುದಾರ, "ಅಕ್ಕಾ, ನೀವು ಏನೂ ಮಾಡಬೇಡಿ, ನೀರೇ ಹಿಡ್ಕೊಳುತ್ತೆ" ಎಂದ. ಕಿವಿ ಮುಳುಗಿತು. ಗೆಳೆಯರ ಗಲಾಟೆ ನಿಂತುಹೋಯಿತು. ಮೇಲೆ ಮೋಡ, ಕೆಳಗೆ ಎಷ್ಟೋ ಆಳ. ಆಮೇಲೆ ಕಯಾಕ್ ಹತ್ತಿ ಹುಟ್ಟು ಹಾಕಲು ಕಲಿತೆ. ಎರಡು ಸಲ ಮಗುಚಿಬಿದ್ದೆ. ಮೂರನೇ ಸಲ ದೋಣಿ ನನ್ನ ಮಾತು ಕೇಳತೊಡಗಿದಾಗ ಆದ ಖುಷಿ ಈಚಿನ ವರ್ಷಗಳಲ್ಲಿ ಯಾವ ಸೆಮಿನಾರಿನಲ್ಲೂ ಆಗಿರಲಿಲ್ಲ.

ದ್ವೀಪದ ಕಡೆಗೆ ಹೋಗುವಾಗ ಹುಟ್ಟು ಯಾವುದಕ್ಕೋ ತಾಗಿ ಠಕ್ ಎಂದಿತು. ನೀರಿನಿಂದ ಗೇಣುದ್ದ ಮೇಲೆದ್ದ ಮರದ ಬೊಡ್ಡೆ. ಅರವತ್ತು ವರ್ಷ ನೆಂದು, ಒಣಗಿ, ಮತ್ತೆ ನೆಂದು ಕಪ್ಪಾಗಿತ್ತು. ಕೈಯಿಟ್ಟೆ. ಒರಟಾಗಿ, ಗಟ್ಟಿಯಾಗಿ ಇನ್ನೂ ಬೇರಿನ ಮೇಲೇ ನಿಂತಿತ್ತು. ಯಾರ ಹಿತ್ತಿಲಿನದೋ, ಯಾವ ಕಾನಿನದೋ. ಕಣ್ಣು ತುಂಬಿಕೊಂಡಿತು. ಹಿಂದಿನಿಂದ ಗೆಳತಿ, "ಏ, ಮುಂದೆ ಹೋಗೇ, ಟ್ರಾಫಿಕ್ ಜಾಮ್ ಆಯ್ತು" ಎಂದು ನೀರು ಎರಚಿದಳು. ನಕ್ಕುಬಿಟ್ಟೆ. ಎರಡೂ ಒಟ್ಟಿಗೇ ಆಯಿತು.

ಊರಿಗೆ ಹೋದಾಗ ಅಜ್ಜಿಗೆ ಹೇಳಲು ಎರಡು ದಿನ ಬೇಕಾಯಿತು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅಡಿಕೆ ಕತ್ತರಿಸುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

"ನೀರು ತಣ್ಣಗಿತ್ತಾ ಮಗಾ?"

"ಹೂಂ ಅಜ್ಜಿ. ಮೇಲೆ ಬೆಚ್ಚಗೆ, ಕಾಲ ಹತ್ರ ತಣ್ಣಗೆ."

"ಹೊಳೇನೂ ಹಂಗೇ ಇತ್ತು. ಬೇಸಿಗೇಲಿ ದಿನಾ ಬೀಳ್ತಿದ್ವಿ. ಬಾಳೆದಿಂಡು ಕಟ್ಕೊಂಡು ಆಚೆ ದಡಕ್ಕೆ ಹೋಗಿ ಬರೋದು, ಪಂಥ ಕಟ್ಟಿ. ನಾನೇ ಮೊದಲು." ಆಮೇಲೆ ಅಡಿಕೆ ಬಿಟ್ಟು ಎರಡೂ ಕೈಯಲ್ಲಿ ಗಾಳಿಯನ್ನು ತಳ್ಳಿ ಈಜಿ ತೋರಿಸಿದಳು.

ಅವಳನ್ನು ಸಂದರ್ಶಿಸಿ ಮೂವತ್ತು ಪುಟ ಬರೆದುಕೊಂಡಿದ್ದೇನೆ. ಪರಿಹಾರ ಎಷ್ಟು ಬಂತು, ಎಷ್ಟು ಎಕರೆ ಹೋಯಿತು, ಲಾರಿಯಲ್ಲಿ ಏನು ತಂದಿರಿ, ಎಲ್ಲ ಕೇಳಿದ್ದೆ. ಹೊಳೆಯಲ್ಲಿ ಆಡುತ್ತಿದ್ದಿರಾ ಎಂದು ಕೇಳಿರಲಿಲ್ಲ. ನನ್ನ ಬರಹದಲ್ಲಿ ಅವಳು ಊರು ಕಳೆದುಕೊಳ್ಳಲೆಂದೇ ಹುಟ್ಟಿದವಳಂತೆ ಕೂತಿದ್ದಳು.

ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಗಡುವು ಮೀರಿದೆ, ಮಾರ್ಗದರ್ಶಕರು ಸಿಡುಕುತ್ತಾರೆ. ಈ ಬೇಸಿಗೆಯಲ್ಲಿ ಹೊನ್ನೆಮರಡಿಗೆ ಬರುತ್ತೀಯಾ ಎಂದು ಅಜ್ಜಿಯನ್ನು ಕೇಳಿದೆ. ಬೇಡ ಎನ್ನಲಿಲ್ಲ. "ಆ ಜಾಕೀಟು ನಂಗೂ ಕೊಡ್ತಾರಾ?" ಎಂದಳು.