ಸತುವಿನ ತುಂಡು

ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನಿಗೆ ಬೋಟಿನ ಫ್ಯಾನಿನ ವಿಷಯ ಬರೆಯುವ ಅಧಿಕಾರ ಎಲ್ಲಿಂದ ಬಂತೆಂದು ಓದುಗರು ಕೇಳಬಹುದು. ಅದು ಬಂದದ್ದು ಅಪರಾಧದಿಂದ.

2022ರ ಜುಲೈ. ನಾನು ಗಂಗೊಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ಜೂನ್ 1ರಿಂದ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಭಾವನ ಬೋಟು ದಡ ಹತ್ತಿ ಮಡಲಿನ ಚಪ್ಪರದಡಿ ಕುಳಿತಿತ್ತು. ಹಳೆಯ ಫ್ಯಾನು ಸವೆದು, ಸಾಲ ಮಾಡಿ ಹೊಸದನ್ನು ತಂದಿದ್ದರು. ಅದನ್ನು ಕೂರಿಸಲು ಮೇಸ್ತ್ರಿ ಬಂದ.

ದಂಡಕ್ಕೆ ತೊಡಿಸಿ ನಟ್ಟು ಬಿಗಿದರೆ ಮುಗಿಯಿತೆಂದು ತಿಳಿದಿದ್ದೆ. ಹಾಗಲ್ಲ. ಶಾಫ್ಟಿನ ತುದಿ ಬರಬರುತ್ತ ಸಪೂರವಾಗಿರುತ್ತದೆ. ಫ್ಯಾನಿನ ತೂತೂ ಹಾಗೆಯೇ. ಮೇಸ್ತ್ರಿ ಆ ತುದಿಗೆ ತೆಳ್ಳಗೆ ನೀಲಿ ಸವರಿ, ಕೀ ಹಾಕದೆ ಫ್ಯಾನನ್ನು ತಳ್ಳಿ, ತುಸು ತಿರುಗಿಸಿ ಹೊರತೆಗೆದ. ತೂತಿನ ಒಳಗೆ ಅಲ್ಲಲ್ಲಿ ಮಾತ್ರ ನೀಲಿ ಹತ್ತಿತ್ತು. ಅರೆಯುವ ಪೇಸ್ಟು ಹಚ್ಚಿ ತಿಕ್ಕಿದ, ಒರೆಸಿದ, ಮತ್ತೆ ನೀಲಿ. ಎಲ್ಲ ಕಡೆ ನೀಲಿ ಹತ್ತುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಫ್ಯಾನು ಎಲ್ಲಿಯವರೆಗೆ ಹೋಗಿ ನಿಂತಿತೋ ಅಲ್ಲಿ ಶಾಫ್ಟಿನ ಮೇಲೊಂದು ಗೆರೆ ಎಳೆದ. ಆಮೇಲೆ ಕೀ ಇಟ್ಟು ತೊಡಿಸಿದರೆ ಗೆರೆ ಮುಟ್ಟಲು ಕೂದಲೆಳೆಯಷ್ಟು ಬಾಕಿ!

“ಈಗ ಇದು ಕೀಯ ಮೇಲೆ ಕೂತಿದೆ ಮಾಷ್ಟ್ರೇ, ಶಾಫ್ಟಿನ ಮೇಲಲ್ಲ” ಎಂದು ಕೀಯ ಮೇಲ್ಮೈಗೆ ಅರ ಹಾಕಿದ. ಹಿಡಿತವೆಲ್ಲ ಆ ಇಳಿಜಾರಿನದು. ಗೆರೆ ಮುಟ್ಟಿದ ಮೇಲೆಯೇ ನಟ್ಟು ಬಿಗಿದು, ಎತ್ತಿನಗಾಡಿಗೆ ಕಡಾಣಿ ಹಾಕುವಂತೆ ಪಿನ್ನು ತೂರಿಸಿ ತುದಿ ಮಡಚಿದ. ವಿದ್ಯಾರ್ಥಿಗಳ ಉತ್ತರಪತ್ರಿಕೆಯನ್ನು ನಾನು ಇಷ್ಟು ಶ್ರದ್ಧೆಯಿಂದ ನೋಡಿದವನಲ್ಲ.

ಕೊನೆಗೆ ಶಾಫ್ಟಿಗೆ ಬೂದುಬಣ್ಣದ ಸತುವಿನ ಎರಡು ಅರೆಹೋಳುಗಳನ್ನು ಸ್ಕ್ರೂ ಹಾಕಿ ಕಚ್ಚಿಸಿದ. “ಉಪ್ಪುನೀರಲ್ಲಿ ಎರಡು ಲೋಹ ಒಟ್ಟಿಗೆ ಇದ್ದರೆ ಒಂದು ಇನ್ನೊಂದನ್ನು ತಿಂತದೆ. ತಿನ್ನಲಿಕ್ಕೆ ಇದನ್ನು ಕೊಡೂದು.” ಸ್ಟೇನ್‌ಲೆಸ್ ಉಕ್ಕಿನ ಶಾಫ್ಟಿನ ಜೊತೆಗಿದ್ದರೆ ಸವೆಯುವುದು ಫ್ಯಾನು, ಸತು ಎರಡಕ್ಕೂ ಮೊದಲು ತಾನೇ ಕರಗುತ್ತದೆ. 1824ರಲ್ಲೇ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ಈ ಉಪಾಯ ಹೇಳಿದ್ದ. ಹಡಗಿನ ತಳದ ತಾಮ್ರದ ತಗಡೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷವಿಲ್ಲದೆ ಚಿಪ್ಪುಜೀವಿಗಳು ಹತ್ತಿಕೊಂಡು ಹಡಗು ನಿಧಾನವಾಯಿತು. ನಮ್ಮ ಭಾಷೆಯೂ ಈ ವಿಷಯದಲ್ಲಿ ಚುರುಕು: ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಸತುವಿನ ಈ ಸಾವಿಗೆ ಮಾತ್ರ ನನಗೆ ಹೆಸರು ಸಿಕ್ಕಿಲ್ಲ.

ಮರುದಿನ ಬೋಟಿನ ತಳಕ್ಕೆ ಬಣ್ಣ. ಸುಮ್ಮನಿರಲಾರದೆ ನಾನೂ ಕುಂಚ ಹಿಡಿದೆ. ಕೆಂಪಿನ ನಡುವೆ ಆ ಬೂದು ತುಂಡು ಅಂದಗೆಡಿಸಿದಂತೆ ಕಂಡು, ಅದಕ್ಕೂ ಎರಡು ಕೋಟು ಬಳಿದೆ. ಮೇಸ್ತ್ರಿ ಇರಲಿಲ್ಲ.

ಸಂಕ್ರಾಂತಿಗೆ ಹೋದಾಗ ಬೋಟು ಮತ್ತೆ ದಡದಲ್ಲಿತ್ತು. ತೇಲುವ ಮರದ ತುಂಡು ಬಡಿದು ಫ್ಯಾನಿನ ಒಂದು ಎಲೆ ಮುರಿದು, ಇನ್ನೊಂದು ಬೋಟು ಎಳೆದು ತಂದಿತ್ತಂತೆ. ಮುರಿದ ಅಂಚು ಹೊಸ ತಾಮ್ರದ ತಂಬಿಗೆಯ ಹಾಗೆ ನಸುಗೆಂಪು. ಕಂಚೆಂದು ಕರೆದರೂ ಅದರಲ್ಲಿ ತಾಮ್ರದ ಜೊತೆ ಸತುವೂ ಬೇಕಾದಷ್ಟು ಇರುತ್ತದೆ. ಆ ಸತು ಕರಗಿಹೋದರೆ ಉಳಿಯುವುದು ಬರಿಯ ತಾಮ್ರದ ಸ್ಪಂಜು. ಮೇಸ್ತ್ರಿ ಶಾಫ್ಟಿನ ತುಂಡನ್ನು ಚಾಕುವಿನಿಂದ ಕೆರೆದ. ಬಣ್ಣದಡಿ ಅದು ಹೊಸದರಂತೆ ಇಡಿಯಾಗಿತ್ತು. ನೀರೇ ಸೋಕದ ಸತು ಏನು ಕರಗೀತು?

“ಇದಕ್ಕೆ ಬಣ್ಣ ಬಳಿದವ ಯಾರು?”

ಭಾವ ಕೆಲಸದ ಹುಡುಗನ ಕಡೆ ನೋಡಿದರು. ಅಂದು ಕುಂಚ ಹಿಡಿದವರಲ್ಲಿ ಅವನೂ ಒಬ್ಬ. ಬೈಗುಳ ಅರ್ಧ ಗಂಟೆ ನಡೆಯಿತು. ಅವನು ನನ್ನ ಮುಖ ನೋಡಿದ; ನಾನು ಕಡಲ ಕಡೆ ನೋಡಿದೆ.

ಆ ಹುಡುಗ ಈಗ ಮಲ್ಪೆಯಲ್ಲಿ ಬೇರೆ ಬೋಟಿನಲ್ಲಿದ್ದಾನೆ. ಈ ಪತ್ರಿಕೆ ಗಂಗೊಳ್ಳಿಯ ಮನೆಗೂ ಬರುತ್ತದೆ. ಭಾವ ಇಂಥ ಪುಟ ಓದುವವರಲ್ಲ, ಅಕ್ಕ ಓದುತ್ತಾಳೆ.