ಹಾನ್ಲೆಯ ಕತ್ತಲು, ರಾವಂದೂರಿನ ನಕ್ಷತ್ರ

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ರಾವಂದೂರಿನಲ್ಲಿ ಮಳೆಗೆಲ್ಲ ನಕ್ಷತ್ರದ ಹೆಸರು. ಭರಣಿ, ಕೃತ್ತಿಕೆ ಮಳೆ ಬಿದ್ದರೆ ತಂಬಾಕು ಸಸಿ ನಾಟಿ ಶುರು. ಆಮೇಲೆ ರೋಹಿಣಿ, ಮೃಗಶಿರ, ಆರಿದ್ರಾ. ಹೆಸರು ಎಲ್ಲರ ಬಾಯಲ್ಲೂ ಇದೆ. ಆಕಾಶದಲ್ಲಿ ಅವು ಎಲ್ಲಿವೆ ಅಂತ ಕೇಳಿದರೆ ಮಾತ್ರ ಬೆಂಗಳೂರಿನಲ್ಲಿ ಕೆಲಸ ಮಾಡೋ ನನ್ನಂಥವರು ಮೊಬೈಲ್ ತೆಗೀಬೇಕು. ಈ ಮಳೆ ನಕ್ಷತ್ರಗಳನ್ನ ಒಂದೇ ಫೋಟೊದಲ್ಲಿ ಹಿಡೀಬೇಕು ಅನ್ನೋ ಆಸೆಯಿಂದ ಅಕ್ಟೋಬರ್ ಅಮಾವಾಸ್ಯೆಗೆ ಸರಿಯಾಗಿ ಲಡಾಖ್‌ನ ಹಾನ್ಲೆಗೆ ಹೊರಟೆ.

"ಅಮಾಸೆಲಿ ಪ್ರಯಾಣಾನಾ?" ಅಂದರು ಅವ್ವ. ಅಪ್ಪನದು ಬೇರೆ ಪ್ರಶ್ನೆ: "ಬ್ಯಾರನ್ ಮುಂದೆ ಮಲಗಿದ್ರೆ ಕಾಣೋ ಚುಕ್ಕಿಗೆ ಅಷ್ಟು ದೂರ ಯಾಕ್ ಹೋಗ್ಬೇಕ್ಲಾ?" ತಂಬಾಕು ಹದ ಮಾಡುವ ತಿಂಗಳುಗಳಲ್ಲಿ ರಾತ್ರಿಯಿಡೀ ಬ್ಯಾರನ್ ಬೆಂಕಿ ಕಾದವರು ಅಪ್ಪ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾನ್ಲೆ ಇರುವುದು ಶೀತ ಮರುಭೂಮಿಯಲ್ಲಿ. ಮರಳಿನ ದಿಬ್ಬ, ಒಂಟೆ ಸವಾರಿ ಕಲ್ಪಿಸಿಕೊಳ್ಳಬೇಡಿ. ಬೋಳು ಬೆಟ್ಟ, ಒಣಗಾಳಿ, ವಿಪರೀತ ಚಳಿ. ಲೇಹ್‌ನಿಂದ 250 ಕಿ.ಮೀ.ಗೂ ಹೆಚ್ಚು ದೂರ. ಇಲ್ಲಿನ ಬೆಟ್ಟದ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ! 2022ರಲ್ಲಿ ಸುತ್ತಲಿನ ಪ್ರದೇಶ 'ಡಾರ್ಕ್ ಸ್ಕೈ ರಿಸರ್ವ್' ಆಯಿತು. ಹುಲಿಗೆ ಕಾಡು ಕಾಯ್ದಿರಿಸಿದ ಹಾಗೆ, ಇಲ್ಲಿ ಕತ್ತಲನ್ನು ಕಾಯ್ದಿರಿಸಿದ್ದಾರೆ.

ನಕ್ಷತ್ರ ತೋರಿಸೋದು ಊರಿನವರೇ. ಅದಕ್ಕಾಗಿ ಸಂಸ್ಥೆ ಅವರಿಗೆ ತರಬೇತಿ ಕೊಟ್ಟಿದೆ. ನಮ್ಮ ಗುಂಪಿನ ಗೈಡ್ ಒಬ್ಬ ಯುವತಿ. ಕೈಯಲ್ಲಿ ಕೆಂಪು ಟಾರ್ಚ್. "ಮೊದಲು ಇಪ್ಪತ್ತು ನಿಮಿಷ ಕ್ಯಾಮೆರಾ, ಮೊಬೈಲ್ ಮುಟ್ಟಬೇಡಿ" ಅಂತ ಹಿಂದಿಯಲ್ಲಿ ಹೇಳಿದರು. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಒಂದು ಸಲ ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಲೆಕ್ಕ ಮತ್ತೆ ಮೊದಲಿಂದ.

ನಿಮಗೂ ಉಪಯೋಗಕ್ಕೆ ಬರಲಿ ಅಂತ ಸೆಟ್ಟಿಂಗ್ ಹೇಳ್ತೀನಿ. ಟ್ರೈಪಾಡ್ ಬೇಕೇ ಬೇಕು. 24 ಎಂಎಂ ಲೆನ್ಸ್, ಎಫ್ 2.8, ಐಎಸ್‌ಒ 3200, 20 ಸೆಕೆಂಡ್. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಭೂಮಿ ತಿರುಗೋದರಿಂದ ಚುಕ್ಕಿ ಗೆರೆಯಾಗುತ್ತೆ. ಆಟೊಫೋಕಸ್ ಆಫ್ ಮಾಡಿ, ಒಂದು ಪ್ರಕಾಶಮಾನ ನಕ್ಷತ್ರವನ್ನ ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದ ಫೋಕಸ್ ಮಾಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಇನ್ನೊಂದನ್ನ ಒಳಜೇಬಿನಲ್ಲಿ ಬೆಚ್ಚಗಿಡಿ. ಫೋನ್ ಆದರೆ ನೈಟ್ ಮೋಡ್, ಟೈಮರ್ ಸಾಕು. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಉಳಿದು ದೇಹ ಒಗ್ಗಿಸಿಕೊಳ್ಳದೆ ಮಾತ್ರ ಹಾನ್ಲೆ ಹತ್ತಬೇಡಿ.

ಸಂಜೆ ಕತ್ತಲಾದ ಮೇಲೆ ನೈರುತ್ಯದಲ್ಲಿ ಆಕಾಶಗಂಗೆಯ ದಟ್ಟ ಭಾಗ ಒಂದೆರಡು ಗಂಟೆ ನಿಂತು ಮುಳುಗಿತು. ಆಮೇಲೆ ಪೂರ್ವದ ಸರದಿ. ಮೊದಲು ಕೃತ್ತಿಕೆಯ ಗೊಂಚಲು, ಹಿಂದೆ ಕಿತ್ತಳೆ ಬಣ್ಣದ ರೋಹಿಣಿ, ಆಮೇಲೆ ಮೃಗಶಿರ, ಕೊನೆಗೆ ಕೆಂಪು ಆರಿದ್ರಾ. ಊರಲ್ಲಿ ಮಳೆ ಎಣಿಸೋ ಕ್ರಮದಲ್ಲೇ ಒಂದೊಂದಾಗಿ ಬೆಟ್ಟದ ಮೇಲೆ ಬಂದವು. ಒಂದು ವಿಷಯ ಗೊತ್ತಾ? ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿ ನಕ್ಷತ್ರದಲ್ಲಿರೋ ಹದಿಮೂರು-ಹದಿನಾಲ್ಕು ದಿನ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತೆ. ಮೋಡ ಇಲ್ಲದಿದ್ದರೂ ಕಾಣಲ್ಲ. ಮಳೆ ಬರುವಾಗ ಕಾಣದ ನಕ್ಷತ್ರಕ್ಕೆ ಮಳೆಯ ಹೆಸರು ಕೊಟ್ಟವರು ಆಕಾಶವನ್ನ ವರ್ಷವಿಡೀ ನೋಡಿದ್ದಿರಬೇಕು.

ಊರಿಗೆ ಹೋಗಿ ಅಪ್ಪನಿಗೆ ಫೋಟೊ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಒಂದೊಂದಕ್ಕೂ ಬೆರಳಿಟ್ಟು ಹೆಸರು ಹೇಳಿದರು. "ಅಂಗಳದಲ್ಲಿ ಲೈಟ್ ಹಾಕಿದ್ಮೇಲೆ ಕೃತ್ತಿಕೆ ನೋಡೇ ಇಲ್ಲ ಕಣ್ಲಾ" ಅಂದರು. ಆ ಬಿಳಿ ಎಲ್‌ಇಡಿ ಹಾಕಿದ್ದು ಶೋಕಿಗಲ್ಲ, ಆನೆ ಭಯಕ್ಕೆ. ನಾಗರಹೊಳೆ ಕಾಡು ನಮಗೆ ದೂರವಿಲ್ಲ. ಹಾಗಾಗಿ ಆರಿಸಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಹಾನ್ಲೆಯಲ್ಲಿ ಗೈಡ್ ಹೇಳಿದ್ದು ಆಗ ಕೆಲಸಕ್ಕೆ ಬಂತು. ಅಲ್ಲೂ ದೀಪಕ್ಕೆ ನಿಷೇಧವಿಲ್ಲ. ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕಲ್ಲ ಅಷ್ಟೆ. ಬಿಳಿಗಿಂತ ಹಳದಿ ಬಲ್ಬ್ ವಾಸಿ. ಅಪ್ಪ ಹಳೇ ತಗಡು ಬಗ್ಗಿಸಿ ದೀಪಕ್ಕೆ ಟೋಪಿ ಮಾಡಿದರು. ಅಂಗಳಕ್ಕೆ ಬೇಕಾದ ಬೆಳಕು ಅಂಗಳಕ್ಕೇ ಬಿತ್ತು. ಬ್ಯಾರನ್ ಹಿಂದೆ ನಿಂತರೆ ಕೃತ್ತಿಕೆ ಕಂಡಿತು, ಹಾನ್ಲೆಯಷ್ಟು ಹೊಳಪಲ್ಲದಿದ್ದರೂ.

ಅಪ್ಪನ ಪ್ರಶ್ನೆಗೆ ಅರ್ಧ ಉತ್ತರವೂ ಸಿಕ್ಕಿತು. ಆಕಾಶದ ಎರಡನೇ ಅತಿ ಪ್ರಕಾಶಮಾನ ನಕ್ಷತ್ರ ಅಗಸ್ತ್ಯ. ಉತ್ತರದ ಹಾನ್ಲೆಯಲ್ಲಿ ಅದು ದಿಗಂತದಿಂದ ಐದು ಡಿಗ್ರಿಯೂ ಮೇಲೇಳುವುದಿಲ್ಲ, ಬೆಟ್ಟ ಅಡ್ಡ ಬಂದರೆ ಮುಗೀತು. ರಾವಂದೂರಿನಲ್ಲಿ ಸುಮಾರು 25 ಡಿಗ್ರಿ ಎತ್ತರಕ್ಕೆ ಬರುತ್ತೆ. ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತು-ಹತ್ತರ ಹೊತ್ತಿಗೆ ನಿಮ್ಮೂರಿಗೆ ಹೋದರೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಅದಕ್ಕೂ ಮೊದಲು ಅಂಗಳದ ದೀಪಕ್ಕೊಂದು ಟೋಪಿ ಹಾಕಿ.