ಮಾರ್ವಿನ್‌ಗೆ ಯಾರ ದನಿ?

ಮುಂದಿನ ಗುರುವಾರ, ಏಪ್ರಿಲ್ 28ರ ಸಂಜೆಯ ಆಟಕ್ಕೆ ಎರಡು ಟಿಕೆಟ್ ತಗೊಂಡು ಕೂತಿದ್ದೇನೆ. ಒಂದು ನನಗೆ. ಇನ್ನೊಂದು, ಇಲ್ಲಿ ರೆಡಿಂಗ್‌ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಇಂಗ್ಲಿಷಿನವನಿಗೆ. ಅವನು ಬರ್ತೀನಿ ಅಂತಲೂ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ. ಮಗಳಿಗೆ ಗಂಡು ನೋಡೋಕೆ ಹೊರಟ ಅಪ್ಪನ ಮುಖ ಮಾಡಿಕೊಂಡು ಓಡಾಡ್ತಿದ್ದಾನೆ ಅಷ್ಟೆ.

ಸಿನಿಮಾ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’. ಓದದವರಿಗೆ ಕಥೆ ಇಷ್ಟು: ಆರ್ಥರ್ ಡೆಂಟ್ ಅನ್ನೋ ಬಡಪಾಯಿಯ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವೋಕೆ ಬುಲ್ಡೋಜರ್ ಬಂದು ನಿಂತಿರುತ್ತೆ. ಅದೇ ಹೊತ್ತಿಗೆ ಆಕಾಶದಲ್ಲಿ ಹಳದಿ ಹಡಗುಗಳು ಬಂದು, ಅಂತರಿಕ್ಷದ ರಸ್ತೆಗೆ ಅಡ್ಡ ಇದೆ ಅಂತ ಭೂಮಿಯನ್ನೇ ಕೆಡವಿಬಿಡ್ತವೆ. ನೋಟಿಸ್ ಯಾವತ್ತೋ ಅಂಟಿಸಿದ್ವಿ, ನೀವು ನೋಡಲಿಲ್ಲ ಅನ್ನೋದು ಅವರ ವಾದ. ರಸ್ತೆ ಅಗಲೀಕರಣ ಕಂಡ ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳೋದು ಬೇಡ.

ನನ್ನ ಪಕ್ಕದವನ ದಿಗಿಲು ಬೇರೆ. ಅವನಿಗೆ ಇದು ಪುಸ್ತಕವೇ ಅಲ್ಲ. 1978ರ ಮಾರ್ಚ್‌ನಲ್ಲಿ ಬಿಬಿಸಿ ರೇಡಿಯೊ 4ರಲ್ಲಿ ಶುರುವಾದ ನಾಟಕ. ಅವನಾಗ ಹನ್ನೊಂದರ ಹುಡುಗ, ರೇಡಿಯೊ ಮುಂದೆ ಕ್ಯಾಸೆಟ್ ರೆಕಾರ್ಡರ್ ಇಟ್ಟು, ಯಾರೂ ಕೆಮ್ಮಬಾರದು ಅಂತ ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದ್ದನಂತೆ. ಆರ್ಥರ್ ಅಂದರೆ ಅವನಿಗೆ ಸೈಮನ್ ಜೋನ್ಸ್‌ನ ದನಿಯೇ. ಈ ಸಿನಿಮಾದಲ್ಲಿ ಮಾರ್ಟಿನ್ ಫ್ರೀಮನ್ ಅಂದರೆ ತಲೆಯಾಡಿಸ್ತಾನೆ. ನಿರ್ದೇಶಕ ಗಾರ್ತ್ ಜೆನ್ನಿಂಗ್ಸ್ ಇಲ್ಲೀವರೆಗೆ ಮ್ಯೂಸಿಕ್ ವಿಡಿಯೊ ಮಾಡಿದವನು, ಇದೇ ಮೊದಲ ಸಿನಿಮಾ ಅಂದರೆ ಟೀ ಕಪ್ ಕೆಳಗಿಡ್ತಾನೆ. ಜಾನ್ ಮಾಲ್ಕೊವಿಚ್ ಮಾಡ್ತಿರೋ ಹುಮ್ಮಾ ಕವೂಲಾ ಅನ್ನೋ ಪಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಹಾಲಿವುಡ್‌ನವರು ತುರುಕಿದ್ದಾರೆ ಅಂತ ಒಂದು ವಾರ ಸಿಟ್ಟು ಮಾಡ್ಕೊಂಡಿದ್ದ. ಆಮೇಲೆ ಗೊತ್ತಾಯ್ತು, ಆ ಪಾತ್ರವನ್ನು ಸಿನಿಮಾಕ್ಕಂತಲೇ ಬರೆದಿದ್ದು ಸ್ವತಃ ಡಗ್ಲಸ್ ಆಡಮ್ಸ್! ಅವತ್ತಿಡೀ ಪಾಪ ಮಾತೇ ಆಡಲಿಲ್ಲ.

ಶುದ್ಧ ಮೂಲ ಅನ್ನೋದೇ ಇಲ್ಲದ ಕೃತಿ ಇದು. 1978ರ ರೇಡಿಯೊ, 1979ರ ಕಾದಂಬರಿ, 1981ರ ಟೀವಿ ಸರಣಿ, ಒಂದರ ಕಥೆ ಇನ್ನೊಂದಕ್ಕೆ ಹೊಂದೋದಿಲ್ಲ. ಹೊಂದಿಸೋ ಉಸಾಬರಿಗೆ ಆಡಮ್ಸ್ ಹೋಗಲೂ ಇಲ್ಲ. ಜೇಫಾಡ್‌ಗೆ ಎರಡು ತಲೆ ಅಂತ ರೇಡಿಯೊದಲ್ಲಿ ಬರೆದದ್ದು ಸುಮ್ಮನೆ ಒಂದು ತಮಾಷೆ. ಕೇಳುಗರಿಗೆ ತಲೆ ಕಾಣಬೇಕಲ್ಲ. ಟೀವಿಗೆ ಬಂದಾಗ ನಿಜಕ್ಕೂ ಇನ್ನೊಂದು ತಲೆ ಮಾಡಿ ನಟನ ಹೆಗಲ ಮೇಲೆ ಕೂರಿಸಬೇಕಾಯ್ತು. ಅದು ಜಾತ್ರೆಯಲ್ಲಿ ಕೊಂಡ ಬೊಂಬೆಯ ಹಾಗಿತ್ತು.

ನನ್ನ ಅನುಮಾನ ತಲೆಯದ್ದಲ್ಲ, ವಾಕ್ಯದ್ದು. ಆ ಹಡಗುಗಳು ಆಕಾಶದಲ್ಲಿ ಹೇಗೆ ನಿಂತಿದ್ದವು ಅಂತ ಆಡಮ್ಸ್ ಒಂದೇ ವಾಕ್ಯದಲ್ಲಿ ಹೇಳ್ತಾನೆ. ನಗು ಬರೋದು ಆ ವಾಕ್ಯದಿಂದ. ಕ್ಯಾಮೆರಾ ಹಡಗನ್ನು ತೋರಿಸೀತು, ವಾಕ್ಯವನ್ನು ಹೇಗೆ ತೋರಿಸುತ್ತೆ? ನಾಳೆ ಯಾರೋ ತೇಜಸ್ವಿಯವರ ‘ಕರ್ವಾಲೊ’ ಸಿನಿಮಾ ಮಾಡ್ತೀವಿ ಅಂತ ಹೊರಟರೆ ಮಂದಣ್ಣ ಸಿಗಬಹುದು, ಹಾರುವ ಓತಿಯನ್ನು ಕಂಪ್ಯೂಟರ್‌ನಲ್ಲಿ ಮಾಡಬಹುದು. ಆದರೆ ಕಥೆ ಹೇಳ್ತಿರೋ ಮನುಷ್ಯನ ಆ ಗೊಣಗಾಟ? ಇಲ್ಲಿ ಸದ್ಯ ‘ಗೈಡ್’ ಅನ್ನೋ ಪುಸ್ತಕವೇ ಮಾತಾಡೋದರಿಂದ ಒಂದು ದಾರಿ ಇದೆ. ಅದಕ್ಕೆ ದನಿ ಕೊಟ್ಟಿರೋದು ಆಡಮ್ಸ್‌ನ ಗೆಳೆಯ ಸ್ಟೀಫನ್ ಫ್ರೈ. ನನ್ನ ಆಸೆಯೆಲ್ಲ ಅವನ ಮೇಲೆ.

ಆಡಮ್ಸ್ ಈ ಸಿನಿಮಾಕ್ಕೆ ಸುಮಾರು ಇಪ್ಪತ್ತು ವರ್ಷ ಅಲೆದ. ಎಂಬತ್ತರ ದಶಕದ ಮೊದಲಲ್ಲಿ ಐವನ್ ರೀಟ್‌ಮನ್ ಮಾಡ್ತೀನಿ ಅಂದು, ಬಿಟ್ಟು ‘ಘೋಸ್ಟ್‌ಬಸ್ಟರ್ಸ್’ ಮಾಡೋಕೆ ಹೋದ. ಕೊನೆಗೆ ಇದಕ್ಕಂತಲೇ ಸಂಸಾರ ಸಮೇತ ಕ್ಯಾಲಿಫೋರ್ನಿಯಾಕ್ಕೆ ಹೋದ ಆಡಮ್ಸ್, 2001ರ ಮೇ 11ರಂದು ಅಲ್ಲಿಯ ಜಿಮ್‌ನಲ್ಲಿ ಹೃದಯಾಘಾತವಾಗಿ ತೀರಿಕೊಂಡ. 49 ವರ್ಷ. ಚಿತ್ರಕಥೆಯನ್ನು ಮುಗಿಸಿದ್ದು ಕ್ಯಾರಿ ಕರ್ಕ್‌ಪ್ಯಾಟ್ರಿಕ್. ಬದುಕಿದ್ದಿದ್ದರೆ ಏನು ಬೇಕಾದರೂ ಬದಲಾಯಿಸಿ ನಮ್ಮ ಬಾಯಿ ಮುಚ್ಚಿಸ್ತಿದ್ದ. ಈಗ ಒಂದು ಸಾಲು ಬಿಟ್ಟರೂ ಸತ್ತವನ ಆಸ್ತಿಗೆ ಕೈ ಹಾಕಿದ ಹಾಗೆ ಎಲ್ಲರೂ ಎದ್ದು ನಿಲ್ತಾರೆ.

ಆದರೆ ನನಗೆ ನಿಜವಾಗಿ ಹೆದರಿಕೆ ಇರೋದು ಇದ್ಯಾವುದರದ್ದೂ ಅಲ್ಲ, ಮಾರ್ವಿನ್‌ದು. ಮಾರ್ವಿನ್ ಒಂದು ರೋಬೋ. ಬುದ್ಧಿ ವಿಪರೀತ, ಅದಕ್ಕಿಂತ ಬೇಜಾರು ವಿಪರೀತ. ಸಿನಿಮಾದಲ್ಲಿ ಅವನ ದನಿ ಅಲನ್ ರಿಕ್‌ಮನ್‌ನದು. ಅದಕ್ಕಿಂತ ಒಳ್ಳೇ ದನಿ ಸಿಗಲಿಕ್ಕಿಲ್ಲ, ಒಪ್ಪಿದೆ. ತೊಂದರೆ ಏನಂದ್ರೆ ನನ್ನ ತಲೆಯಲ್ಲಿ ಮಾರ್ವಿನ್ ಮಾತಾಡೋದು ಸಾಗರದ ಕನ್ನಡ.

ಆ ಪುಸ್ತಕ ನನಗೆ ಕೊಟ್ಟವನು ಹಾಸ್ಟೆಲಿನ ರೂಮ್‌ಮೇಟ್. ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ತಂದ ಪ್ರತಿ, ಕೊನೆಯ ನಾಲ್ಕು ಪುಟ ಇರಲಿಲ್ಲ. ರಾತ್ರಿ ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿ ಜೋರಾಗಿ ಓದ್ತಿದ್ದ. ಮಾರ್ವಿನ್ ಬಂದ ಕೂಡಲೇ ದನಿ ಇಳಿಸಿ ಕನ್ನಡಕ್ಕೆ ಜಾರಿಬಿಡ್ತಿದ್ದ. ಆಮೇಲೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಇಬ್ಬರೂ ಜಯನಗರದಲ್ಲಿ ಮನೆ ಮಾಡಿದಾಗಲೂ ಆ ದನಿ ಜೊತೆಗೇ ಬಂತು. ಹಾಲು ತಗೊಂಡು ಬಾರೋ ಅಂದರೆ, “ಇಂಜಿನಿಯರಿಂಗ್ ಓದ್ಸಿದ್ದು ಇದಕ್ಕೇ ಇರ್ಬೇಕು ಮಾರಾಯ. ತರ್ತೀನಿ. ಖುಷಿಯಂತೂ ಆಗಲ್ಲ” ಅನ್ನೋನು. ಈ ಪುಸ್ತಕ ಯಾವತ್ತಾದ್ರೂ ಸಿನಿಮಾ ಆದರೆ ಮೊದಲ ಆಟ ಇಬ್ಬರೂ ಒಟ್ಟಿಗೆ ಅಂತ ಮಾತಾಗಿತ್ತು.

ಎರಡು ವರ್ಷದ ಹಿಂದೆ ನಾನು ಆನ್‌ಸೈಟ್ ಅಂತ ಇಲ್ಲಿಗೆ ಬಂದೆ. ಮನೆ ಬಿಡುವಾಗ ಓನರ್ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಎಂಟು ಸಾವಿರ ಮುರಿದುಕೊಂಡ. ಅದು ಯಾರ ಪಾಲಿಂದ ಹೋಗಬೇಕು ಅಂತ ನಮ್ಮಿಬ್ಬರಿಗೆ ಮಾತು ಬಂತು. ಪೌಂಡಿನಲ್ಲಿ ಎಣಿಸೋನಿಗೆ ಇದೊಂದು ಲೆಕ್ಕವೇನೋ ಅಂದ ಅವನು. ನಾನೂ ಏನೋ ಅಂದೆ, ಇಲ್ಲಿ ಬರೆಯೋ ಹಾಗಿಲ್ಲ. ಅಲ್ಲಿಂದ ಫೋನಿಲ್ಲ, ಮೇಲ್ ಇಲ್ಲ. ಅವನ ದನಿ ಅಂತ ನನ್ನ ಹತ್ತಿರ ಉಳಿದಿರೋದು ಮಾರ್ವಿನ್ ಒಬ್ಬನೇ. ಗುರುವಾರ ರಾತ್ರಿ ಥಿಯೇಟರಿನಿಂದ ಹೊರಗೆ ಬರುವಾಗ ಅಲ್ಲೂ ರಿಕ್‌ಮನ್ ಕೂತಿದ್ದರೆ?

ಮೊನ್ನೆ ಭಾನುವಾರ ಕಾಲಿಂಗ್ ಕಾರ್ಡ್ ಉಜ್ಜಿ ನಂಬರ್ ಒತ್ತಿದೆ. ಅಲ್ಲಿ ರಾತ್ರಿ ಹತ್ತೂವರೆ. ಅವನೇ ಎತ್ತಿದ.

“ಸಿನಿಮಾ ಬರ್ತಾ ಇದೆ ಕಣೋ” ಅಂದೆ. ಹೆಸರು ಹೇಳಲಿಲ್ಲ, ನಾನು ಯಾರು ಅಂತಲೂ ಹೇಳಲಿಲ್ಲ.

ಸ್ವಲ್ಪ ಹೊತ್ತು ಏನೂ ಇಲ್ಲ. ಎಲ್ಲೋ ಟೀವಿ ಓಡ್ತಿತ್ತು, ಯಾರೋ ಅದನ್ನು ಸಣ್ಣ ಮಾಡಿದರು.

“ಗೊತ್ತು. ಮಾರ್ವಿನ್‌ಗೆ ಯಾರಂತೆ?”

“ಅಲನ್ ರಿಕ್‌ಮನ್.”

“ಹ್ಞೂಂ” ಅಂದ. ಆಮೇಲೆ ದನಿ ಇಳಿಸಿ, “ನನ್ನ ಒಂದು ಮಾತು ಕೇಳ್ಬಹುದಿತ್ತು ಮಾರಾಯ ಅವ್ರು. ಒಪ್ತಿದ್ದೆ. ಖುಷಿಯಂತೂ ಆಗ್ತಿರ್ಲಿಲ್ಲ.”

ಕಾರ್ಡಿನಲ್ಲಿ ಇನ್ನೂ ಇಪ್ಪತ್ತು ನಿಮಿಷ ಇತ್ತು. ಎಂಟು ಸಾವಿರದ ಮಾತು ಇಬ್ಬರೂ ಎತ್ತಲಿಲ್ಲ.